ಅಪ್ಪನ ಪಾರ್ಸಲ್ ಮತ್ತು ತೂತುಪಟ್ಟಿಯ ಕ್ರೇನು

ಪಲ್ಪರ್ ರಿಪೇರಿ ಮಾಡುವವಳ ಹತ್ತಿರ ಯಾರೂ ಆಟಿಕೆ ತರುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ನಿಂತುಹೋದಾಗ ಮಾತ್ರ ಜನಕ್ಕೆ ನನ್ನ ನೆನಪಾಗುತ್ತದೆ, ಅದೂ ಕೊಯ್ಲಿನ ನಡುಮಧ್ಯೆ, ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಮೇ ತಿಂಗಳಲ್ಲಿ ನನ್ನ ವರ್ಕ್‌ಶಾಪಿನ ಮುಂದೆ ನಾಯಿ ಮಲಗಿರುತ್ತದೆ. ಆದ್ದರಿಂದ ಜಾವಳಿ ಕಡೆಯ ಎಸ್ಟೇಟಿನ ಜೀಪು ಮೂಡಿಗೆರೆಗೆ ಬಂದು, ಅವರ ಲೆಕ್ಕಪತ್ರ ನೋಡುವ ರೈಟರು ಮರದ ಪೆಟ್ಟಿಗೆಯೊಂದನ್ನು ನನ್ನ ಬೆಂಚಿನ ಮೇಲೆ ಇಳಿಸಿದಾಗ ಔಷಧಿ ಹೊಡೆಯುವ ಸ್ಪ್ರೇಯರಿನ ಬಿಡಿಭಾಗ ಇರಬೇಕು ಅಂದುಕೊಂಡೆ.

ಮುಚ್ಚಳ ತೆಗೆದರೆ ಒಳಗೆ ಬೆರಳಗಲದ ಕಬ್ಬಿಣದ ಪಟ್ಟಿಗಳು, ಪ್ರತಿಯೊಂದರ ಉದ್ದಕ್ಕೂ ಸಾಲಾಗಿ ತೂತುಗಳು. ಹಿತ್ತಾಳೆಯ ಪುಟ್ಟ ಗಾಲಿಗಳು, ಕಡ್ಡಿಗಳು, ಕೊಕ್ಕೆಗಳು, ಹಿಡಿ ಹಿಡಿ ಬೋಲ್ಟು ನಟ್ಟು. ಕಬ್ಬಿಣಕ್ಕೆಲ್ಲ ತುಕ್ಕು, ಹಿತ್ತಾಳೆಗೆ ಕಿಲುಬು.

ಜೀಪಿನ ಮುಂದಿನ ಸೀಟಿನಿಂದ ಅಮ್ಮಾವ್ರು ಇಳಿದರು. ಎಸ್ಟೇಟಿನ ಒಡತಿ. ಎಪ್ಪತ್ತು ದಾಟಿದ್ದರೂ ಕೊಯ್ಲಿನ ಕಾಲದಲ್ಲಿ ಪಲ್ಪರಿನ ಪಕ್ಕ ನಿಂತು ನನಗೇ ಪಾಠ ಹೇಳುವವರು.

"ಇದೆಂತ ಅಮ್ಮಾ?"

"ಆಟದ ಸಾಮಾನು ಮಾರಾಯ್ತಿ. ಇದರಲ್ಲಿ ಒಂದು ಕ್ರೇನು ಕಟ್ಟಬೇಕು. ಸುಮ್ಮನೆ ನೋಡ್ಲಿಕ್ಕಲ್ಲ. ಒಂದು ಸೇರು ಪಾರ್ಚ್‌ಮೆಂಟ್ ಎತ್ತಬೇಕು ಅದು."

ಪಾರ್ಚ್‌ಮೆಂಟ್ ಅಂದರೆ ಸುಲಿದು ತೊಳೆದು ಒಣಗಿಸಿದ ಕಾಫಿ. ಒಂದು ಸೇರಿಗೆ ಏನು ಮಹಾ ಭಾರ, ಆದರೆ ತೂತುಪಟ್ಟಿಯ ಕ್ರೇನಿಗೆ ಅದು ಗುಡ್ಡವೇ. ಇದನ್ನು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತು ಕಥೆ ಶುರುಮಾಡಿದರು.

ಈ ಪೆಟ್ಟಿಗೆ ಅವರ ಅಪ್ಪನದು. ಊರಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯ ಸಾಮಾನು ಹರಾಜಾದಾಗ, ಉಳಿದವರು ಮೇಜು ಕುರ್ಚಿ ಕೊಂಡರೆ ಇವರು ಮಕ್ಕಳಿಗೆಂದು ಈ ಪೆಟ್ಟಿಗೆ ತಂದರಂತೆ. ಜೊತೆಗೆ ಚಿತ್ರದ ಪುಸ್ತಕವೂ ಇತ್ತು. ಪುಸ್ತಕದ ತುಂಬ ಚಡ್ಡಿ ಹಾಕಿದ ಗಂಡುಹುಡುಗರು ಸೇತುವೆ ಕಟ್ಟುವ ಚಿತ್ರಗಳು. ಮನೆಯಲ್ಲಿದ್ದವರು ಇಬ್ಬರೂ ಹೆಣ್ಣುಮಕ್ಕಳು. "ಅಪ್ಪ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಇವರು ಕೂದಲು ಕತ್ತರಿಸಿಕೊಂಡ ಹುಡುಗಿಯರು ಅಂತ ಹೇಳಿಬಿಟ್ರು. ನಾವು ನಂಬಿದ್ವಿ."

ಪುಸ್ತಕದ ಕೊನೆಯ ಪುಟದಲ್ಲಿ ದೊಡ್ಡ ಕ್ರೇನು. ಅಪ್ಪ ಮತ್ತು ಇಬ್ಬರು ಹುಡುಗಿಯರು ಅದನ್ನು ಕಟ್ಟಲು ಕೂತರು. ಅರ್ಧಕ್ಕೆ ಬಂದಾಗ ದೊಡ್ಡ ಹಲ್ಲಿನ ಚಕ್ರ ಪೆಟ್ಟಿಗೆಯಲ್ಲಿಲ್ಲ ಎಂದು ಗೊತ್ತಾಯಿತು. ಮದ್ರಾಸಿನ ಅಂಗಡಿಗೆ ಬರೆದಿದ್ದೇನೆ, ಪಾರ್ಸಲ್ ಬರ್ತದೆ, ಬಂದ ಮೇಲೆ ಮೂವರೂ ಕೂತು ಬಿಚ್ಚೋಣ ಎಂದರು ಅಪ್ಪ. ಪಾರ್ಸಲ್ ಬರಲಿಲ್ಲ. ತಂಗಿ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲು ಕೇಳಿದರೆ ಗೇಟಿಗೆ ಓಡುತ್ತಿದ್ದಳಂತೆ, ಒಂದು ದಿನವಲ್ಲ, ಎರಡು ದಿನವಲ್ಲ, ವರ್ಷಗಟ್ಟಲೆ. ಕೊನೆಗೆ ಆ ಮನೆಯಲ್ಲಿ ಅದೊಂದು ಗಾದೆಯೇ ಆಯಿತು. ಆಗದ ಕೆಲಸಕ್ಕೆಲ್ಲ 'ಅಪ್ಪನ ಪಾರ್ಸಲ್ಲು' ಎನ್ನುವುದು. ಕರೆಂಟು ಹೋದರೆ, ಕೂಲಿಯವರು ಬರದಿದ್ದರೆ, ಸರ್ಕಾರದಿಂದ ರಸ್ತೆ ಆಗದಿದ್ದರೆ, ಪಾರ್ಸಲ್ ಬರ್ತದೆ ಬಿಡು.

"ಈ ತಿಂಗಳ ಕೊನೆಗೆ ತಂಗಿಗೆ ಎಪ್ಪತ್ತು ತುಂಬ್ತದೆ," ಎಂದರು ಅಮ್ಮಾವ್ರು. "ಸಂಸೆಯಿಂದ ಬರ್ತಾಳೆ. ಹೋಮ ಗೀಮ ಎಂತದ್ದೂ ಬೇಡ ಅಂದಿದಾಳೆ. ಅವಳ ಕೈಯಲ್ಲಿ ಆ ಕ್ರೇನಿನ ಹಿಡಿ ಕೊಡಬೇಕು ನಾನು. ಅವಳು ಓಡಿದ್ದನ್ನ ನಾನು ಜಗಲಿಯಲ್ಲಿ ಕೂತು ನೋಡಿದೀನಿ. ಪಾಪ, ಬರಿಗೈಲಿ ವಾಪಸ್ ಬರೋಳು."

ಹೀಗೆ ಹೇಳಿದರೆ ಆಗುವುದಿಲ್ಲ ಎನ್ನುವುದು ಹೇಗೆ? ಪೆಟ್ಟಿಗೆ ಇಟ್ಟುಕೊಂಡೆ.

ಅವತ್ತು ಸಂಜೆ ಫೋನಿನಲ್ಲಿ ಹುಡುಕಿ ಈ ಆಟಿಕೆಯ ಚರಿತ್ರೆ ಓದಿದೆ. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಬಂದರು ಊರೊಂದರಲ್ಲಿ ಒಬ್ಬ ಗುಮಾಸ್ತ ತನ್ನ ಮಕ್ಕಳಿಗೆ ಕ್ರೇನು ಮಾಡಿಕೊಡಲೆಂದು ಮನೆಯಲ್ಲೇ ತಗಡು ಕತ್ತರಿಸಿದನಂತೆ. ಪ್ರತಿ ಆಟಕ್ಕೂ ಹೊಸ ತಗಡು ಕತ್ತರಿಸಿ ಸಾಕಾಗಿರಬೇಕು. ಎಲ್ಲ ಪಟ್ಟಿಗೂ ಒಂದೇ ಅಂತರದಲ್ಲಿ ತೂತು ಹೊಡೆದರೆ ಇದನ್ನೇ ಬಿಚ್ಚಿ ಇನ್ನೊಂದು ಕಟ್ಟಬಹುದು ಎಂದು ಅವನಿಗೆ ಹೊಳೆಯಿತು. ಅರ್ಧ ಇಂಚಿಗೊಂದು ತೂತು, ಅಷ್ಟೇ ಅವನ ಜಾಣತನ. ಮೊದಮೊದಲು ನಿಕ್ಕಲ್ ಲೇಪದ ಪಟ್ಟಿಗಳು, ಆಮೇಲೆ ಕೆಂಪು, ಹಸಿರು ಬಣ್ಣದವು. ಯುದ್ಧದ ಕಾಲಕ್ಕೆ ಆಟಿಕೆ ನಿಂತಿತು. ಮತ್ತೆ ಶುರುವಾಗಿ, ನಮ್ಮ ದೇಶದಲ್ಲೂ ಅಂಥವು ತಯಾರಾಗಿ, ಕೊನೆಗೆ ಪ್ಲಾಸ್ಟಿಕ್ ಬಂದು ಎಲ್ಲವನ್ನೂ ಅಟ್ಟಕ್ಕೆ ಏರಿಸಿತು. ಅಮ್ಮಾವ್ರ ಪೆಟ್ಟಿಗೆಯಲ್ಲಿ ಈ ಚರಿತ್ರೆ ಪೂರ್ತಿ ಇತ್ತು. ತಳದಲ್ಲಿ ನಿಕ್ಕಲ್ಲು, ನಡುವೆ ಕೆಂಪು ಹಸಿರು, ಮೇಲೆ ಅವರ ಮಕ್ಕಳ ಕಾಲದಲ್ಲಿ ಕೊಂಡ ದೇಶೀ ಪಟ್ಟಿಗಳು. ಹಳೆಯ ಪಟ್ಟಿಯ ಮೇಲೆ ಹೊಸದನ್ನು ಇಟ್ಟು ನೋಡಿದೆ. ತೂತಿಗೆ ತೂತು ಸರಿಯಾಗಿ ಕೂತಿತು. ಯಾವತ್ತೂ ನೋಡಿರದ ಆ ಗುಮಾಸ್ತನ ಮೇಲೆ ಪ್ರೀತಿ ಬಂತು.

ತುಕ್ಕು ತೆಗೆಯಲು ಹುಣಸೆಹುಳಿ ಕಿವುಚಿದ ನೀರಿನಲ್ಲಿ ನೆನೆಹಾಕಿದೆ. ನಿಕ್ಕಲ್ ಪಟ್ಟಿಗಳು ಹಬ್ಬದ ತಂಬಿಗೆಯ ಹಾಗೆ ಹೊಳೆದವು. ಆ ಖುಷಿಯಲ್ಲಿ ಒಂದಷ್ಟು ಕೆಂಪು ಪಟ್ಟಿಗಳನ್ನೂ ಹಾಕಿ ಮರೆತೆ. ಬೆಳಿಗ್ಗೆ ನೋಡಿದರೆ ಬಣ್ಣವೆಲ್ಲ ಸಿಪ್ಪೆ ಎದ್ದಿತ್ತು. ಅಮ್ಮಾವ್ರಿಗೆ ಫೋನು ಮಾಡಿ ಹೇಳಿದರೆ, "ಪಲ್ಪರಿಗೆ ಹಾಕಿದ್ಯಾ ಎಂತ?" ಎಂದು ಕೇಳಿ ನಕ್ಕರು. ಉಳಿದ ಕೆಂಪನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿದೆ.

ಜೋಡಿಸಲು ಕೂತಾಗ ನಿಜವಾದ ತೊಂದರೆ ಶುರುವಾಯಿತು. ಬೋಲ್ಟು ಎರಡು ಸುತ್ತು ಬೆಣ್ಣೆಯಂತೆ ಒಳಗೆ ಹೋಗುತ್ತದೆ, ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ. ಬಲ ಹಾಕಿದರೆ ಹಿತ್ತಾಳೆ ನಟ್ಟಿನ ಒಳಸುರುಳಿಯ ಥ್ರೆಡ್ಡೇ ಹೋಗುತ್ತದೆ. ಮೂರ್ನಾಲ್ಕು ನಟ್ಟು ಹಾಳುಮಾಡಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಹಳೆಯ ಬೋಲ್ಟು ಇಂಚಿನ ಥ್ರೆಡ್ಡಿನದು. ನಡುವೆ ಸೇರಿಕೊಂಡವು ಈಗಿನ ಮಿಲಿಮೀಟರಿನವು. ದಪ್ಪದಲ್ಲಿ ಎರಡೂ ಅಣ್ಣತಮ್ಮಂದಿರು, ಹಲ್ಲಿನ ಅಂತರ ಮಾತ್ರ ಬೇರೆ.

ಬೇರೆಯವು ಹೇಗೆ ಬಂದವು ಎಂದು ರೈಟರನ್ನು ಕೇಳಿದೆ. ಅವರು ಸಂಕೋಚವೇ ಇಲ್ಲದೆ ಹೇಳಿದರು. "ಸ್ಪ್ರೇಯರಿಗೆ ಸಣ್ಣ ಬೋಲ್ಟು ಬೇಕಾದ್ರೆ ಈ ಪೆಟ್ಟಿಗೇಲಿ ನೋಡೋದು. ನಮ್ಮ ಎಸ್ಟೇಟಲ್ಲಿ ಮೊದಲಿಂದ ಹಂಗೇ. ಆದ್ರೆ ಮಕ್ಕಳ ಆಟದ ಸಾಮಾನು ನೋಡಿ, ಖಾಲಿ ಮಾಡಬಾರ್ದು ಅಂತ ಅಮ್ಮಾವ್ರ ಅಪ್ಪ ದೊಡ್ಡಯ್ಯನವರ ಆರ್ಡರು. ಒಂದು ತೆಗೆದ್ರೆ ಒಂದು ಹಾಕಬೇಕು. ನಾನಂತೂ ಒಂದು ದಿನ ತಪ್ಪಿಸಿಲ್ಲ."

ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ಬಯ್ಯಲು ಮನಸ್ಸಾಗಲಿಲ್ಲ. ಇವರಿಗಿಂತ ಮೊದಲಿದ್ದ ರೈಟರೂ ಹಾಗೇ ಮಾಡಿದ್ದರಂತೆ. ಲೆಕ್ಕ ಸರಿ ಇತ್ತು, ಬೋಲ್ಟು ಬೇರೆಯಾಗಿತ್ತು.

ಸಮಾಧಾನವೆಂದರೆ ನಮ್ಮ ಕಡೆಯ ಹಳೆಯ ಪಲ್ಪರುಗಳೂ ಇಂಗ್ಲೆಂಡಿನಿಂದ ಬಂದವು, ಅವೂ ಇಂಚಿನ ಥ್ರೆಡ್ಡಿನವು. ನನ್ನ ಅಪ್ಪನ ಕಾಲದ, ಬೋಲ್ಟಿಗೆ ಥ್ರೆಡ್ಡು ಕೊರೆಯುವ ಡೈ ಸೆಟ್ಟು ಇನ್ನೂ ಗ್ರೀಸು ಕಾಗದದಲ್ಲಿ ಸುತ್ತಿಕೊಂಡು ಕೂತಿತ್ತು. ಅದರ ಅತಿ ಸಣ್ಣ ಡೈಯನ್ನು ನಾನು ಯಾವತ್ತೂ ಬಳಸಿರಲಿಲ್ಲ. ಹಿತ್ತಾಳೆ ಕಡ್ಡಿ ತಂದು ಬೇಕಾದಷ್ಟು ಬೋಲ್ಟು ಕೊರೆದೆ. ಒಂದೊಂದು ಬೋಲ್ಟೂ ಕೊನೆಯವರೆಗೆ ಸರಾಗವಾಗಿ ಹೋಗುವಾಗ ಆಗುವ ಸುಖ, ಈ ಕೆಲಸ ಮಾಡುವವರಿಗೇ ಗೊತ್ತು.

ಕ್ರೇನು ಎದ್ದು ನಿಂತಿತು. ನನ್ನ ಸೊಂಟದವರೆಗೆ ಬರುವ ಗೋಪುರ, ಮುಂದಕ್ಕೆ ಚಾಚಿದ ತೋಳು, ಹಗ್ಗ ಸುತ್ತುವ ಉರುಳೆ, ಹಿಡಿ. ಇಲ್ಲದ್ದು ಒಂದೇ, ಆ ದೊಡ್ಡ ಹಲ್ಲಿನ ಚಕ್ರ. ಹಿಡಿಯ ಕಡ್ಡಿಗೆ ಒಂದು ಸಣ್ಣ ಹಲ್ಲುಗಾಲಿ, ಉರುಳೆಗೆ ದೊಡ್ಡದು. ಹಿಡಿ ಐದು ಸುತ್ತು ತಿರುಗಿದರೆ ಉರುಳೆ ಒಂದು ಸುತ್ತು. ಐದು ಪಟ್ಟು ಬಲ ಬರುವುದೇ ಅಲ್ಲಿಂದ. ಅದಿಲ್ಲದೆ ಹಿಡಿಯನ್ನು ನೇರ ಉರುಳೆಗೆ ಹಾಕಿ ಸೇರು ತೂಗುಹಾಕಿದರೆ, ಕಡ್ಡಿ ಬಾಗುತ್ತಿತ್ತು, ಕೈಬಿಟ್ಟ ಕೂಡಲೇ ಸೇರು ಧಡ್ಡನೆ ಕೆಳಗೆ ಬೀಳುತ್ತಿತ್ತು.

ಹಿತ್ತಾಳೆ ತಟ್ಟೆಯಲ್ಲಿ ಕೈಯಿಂದಲೇ ಅರ ಹಾಕಿ ಹಲ್ಲು ಮಾಡಲು ಹೋದೆ. ಒಂದು ಹಲ್ಲು ದಪ್ಪ, ಒಂದು ಸಣಕಲು, ಮುದುಕರ ಬಾಯಿಯ ಹಾಗಾಯಿತು. ಅಮ್ಮಾವ್ರು ವಿದೇಶದಿಂದ ತರಿಸಲು ಆರ್ಡರ್ ಹಾಕಿಸಿದರು. ಈ ಆಟಿಕೆಯ ಹುಚ್ಚಿರುವ ಹಿರಿಯರು ಅಲ್ಲಿ ಇನ್ನೂ ಬಿಡಿಭಾಗ ಮಾರುತ್ತಾರಂತೆ. ಅದು ಎಲ್ಲೋ ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿತು. "ನೋಡು, ಮತ್ತೆ ಅದೇ ಪಾರ್ಸಲ್ಲು," ಎಂದರು. ಈ ಸಲ ಅವರ ದನಿಯಲ್ಲಿ ನಗು ಇರಲಿಲ್ಲ. ದಿನ ಹತ್ತಿರ ಬರುತ್ತಿತ್ತು.

ಕ್ರೇನನ್ನು ಜಗಲಿಯಲ್ಲಿ ಎಲ್ಲಿ ನಿಲ್ಲಿಸುವುದು ಎಂದು ಅಳತೆ ತೆಗೆಯಲು ಒಂದು ದಿನ ಜಾವಳಿಗೆ ಹೋದೆ. ಅಡಿಗೆಮನೆಯಿಂದ ಕಾಫಿ ಹುರಿಯುವ ಘಮ. ಆ ಮನೆಯಲ್ಲಿ ಕಾಫಿಪುಡಿ ಕೊಳ್ಳುವುದು ಅಪಚಾರ. ಒಲೆಯ ಕೆಂಡದ ಮೇಲೆ ಉದ್ದನೆಯ ಕಬ್ಬಿಣದ ಡಬ್ಬ, ಪಕ್ಕದಲ್ಲಿ ಹಿಡಿ. ಅಡಿಗೆಯವಳು ತಿರುಗಿಸುತ್ತ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಅವಳ ಜೊತೆ ಮಾತಾಡುತ್ತಿದ್ದೆ. ಮಾತಿನ ನಡುವೆ ಏನೋ ಕಣ್ಣಿಗೆ ಚುಚ್ಚಿದ ಹಾಗಾಯಿತು.

ನಮ್ಮ ಮನೆಯಲ್ಲೂ ಹುರಿಯುವ ಡಬ್ಬವಿದೆ. ಕೈ ಒಂದು ಸುತ್ತು, ಡಬ್ಬ ಒಂದು ಸುತ್ತು. ಇವಳ ಕೈ ಸರಸರ ತಿರುಗುತ್ತಿತ್ತು, ಡಬ್ಬ ಮಾತ್ರ ದೇವರ ಪ್ರದಕ್ಷಿಣೆ ಹಾಕುವ ಮುದುಕಿಯ ಹಾಗೆ ನಿಧಾನ. ಎಣಿಸಿದೆ. ಕೈ ಐದು, ಡಬ್ಬ ಒಂದು.

"ಸ್ವಲ್ಪ ನಿಲ್ಸು ಮಾರಾಯ್ತಿ."

"ಬೀಜ ಸೀದು ಹೋಗ್ತದಕ್ಕ."

ಬೀಜ ಇಳಿಸುವವರೆಗೂ ಕಾದೆ. ಹಿಡಿಯ ಬುಡದಲ್ಲಿ ಒಂದು ತಗಡಿನ ಗೂಡು, ಮಸಿ ಹಿಡಿದು ಕರ್ರಗಾಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಗೂಡು ತೆಗೆದರೆ ಒಳಗೆ ಸಣ್ಣ ಹಲ್ಲುಗಾಲಿ, ಅದಕ್ಕೆ ಕಚ್ಚಿಕೊಂಡು ದೊಡ್ಡ ಚಕ್ರ. ಉಗುರಿನಿಂದ ಕೆರೆದೆ. ಮಸಿಯ ಕೆಳಗೆ ಹಿತ್ತಾಳೆ.

ಅಮ್ಮಾವ್ರನ್ನು ಕರೆದೆ. ಅವರು ಬಗ್ಗಿ ನೋಡಿದರು, ಆಟಿಕೆಯ ಪುಸ್ತಕ ತರಿಸಿ ಚಿತ್ರ ನೋಡಿದರು, ಮತ್ತೆ ಚಕ್ರ ನೋಡಿದರು. ಆಮೇಲೆ ಒಲೆಯ ಪಕ್ಕದ ಮಣೆಯ ಮೇಲೆ ಕೂತುಬಿಟ್ಟರು.

"ನಮ್ಮಮ್ಮ ಒಂದು ವರ್ಷ ಕಣದಲ್ಲಿ ಜಾರಿಬಿದ್ಲು. ಬಲ ಭುಜ ಸರಿಯಾಗಲೇ ಇಲ್ಲ. ಡಬ್ಬ ತಿರುಗಿಸ್ಲಿಕ್ಕೆ ಆಗ್ತಿರಲಿಲ್ಲ, ಬೇರೆಯವರಿಗೆ ಕೊಡ್ಲಿಕ್ಕೂ ಮನಸ್ಸಿಲ್ಲ. ಆಮೇಲೆ ಯಾವಾಗಲೋ ಮತ್ತೆ ತಿರುಗಿಸ್ತಾ ಕೂತಿದ್ಲು. ಭುಜ ವಾಸಿಯಾಯ್ತು ಅಂದುಕೊಂಡ್ವಿ ನಾವು." ಡಬ್ಬದ ಹಿಡಿಯನ್ನು ಮುಟ್ಟಿ ನೋಡಿದರು. "ಅಪ್ಪ ಅಮ್ಮನ ಹತ್ತಿರ ನಾಲ್ಕು ಮಾತಾಡಿದ್ದು ನಾನು ನೋಡಿಲ್ಲ. ಊಟ ಆಯ್ತಾ ಅಂತಲೂ ಕೇಳಿದವರಲ್ಲ. ನಮ್ಮ ಚಕ್ರ ಕದ್ದು ಇಲ್ಲಿ ತಂದು ಹಾಕಿದಾರೆ. ನಮ್ಮನ್ನ ಗೇಟಿಗೆ ಓಡಿಸಿದ್ರಲ್ಲ ಮಾರಾಯ್ತಿ."

ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡರು. ಅಡಿಗೆಯವಳಿಗೆ ಮಾತ್ರ ಅವಳದೇ ಚಿಂತೆ. "ಅಂಗಾದ್ರೆ ನಾನು ನಾಳೆ ಎಂತದ್ರಲ್ಲಿ ಹುರೀಲಿ?" ಎಂದಳು.

ಚಿಕ್ಕಮಗಳೂರಿನಲ್ಲಿ ಗೇರು ಕೊರೆಯುವ ಶಾಪೊಂದಿದೆ, ಈಗ ಮಾದರಿ ಸಿಕ್ಕಿತಲ್ಲ, ಅದೇ ಅಳತೆಯ ಉಕ್ಕಿನ ಚಕ್ರ ಮಾಡಿಸಿ ಡಬ್ಬಕ್ಕೆ ಹಾಕುತ್ತೇನೆ, ಅಲ್ಲಿಯವರೆಗೆ ಹಿಡಿಯನ್ನು ನೇರ ಡಬ್ಬಕ್ಕೇ ಸಿಕ್ಕಿಸುತ್ತೇನೆ ಎಂದು ಒಪ್ಪಿಸಿದೆ. ಹಿತ್ತಾಳೆ ಚಕ್ರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೂಡಿಗೆರೆಗೆ ಬಂದೆ. ಪೂರ್ತಿ ತೊಳೆದು ಫಳಫಳ ಮಾಡಬೇಕು ಎಂದು ಕೈ ತುರಿಸಿತು. ಹುಣಸೆಹುಳಿಯ ಪಾಠ ನೆನಪಿತ್ತು. ಹಲ್ಲುಗಳ ಸಂದಿಯ ಕಸ ಮಾತ್ರ ಸೂಜಿಯಿಂದ ತೆಗೆದೆ, ಮೈಮೇಲಿನ ಕರಿಯನ್ನು ಹಾಗೇ ಬಿಟ್ಟೆ.

ಕ್ರೇನಿಗೆ ಕೂರಿಸಿ ಸೇರು ತೂಗುಹಾಕಿದೆ. ಒಂದು ಗೇಣು ಎತ್ತಿತು. ಕರ್ ಎಂದು ಜಾರಿತು. ಮತ್ತೆ ಎತ್ತಿದೆ, ಮತ್ತೆ ಜಾರಿತು. ಸಣ್ಣ ಗಾಲಿಯನ್ನು ಒತ್ತಿ ಕೂರಿಸಿದೆ, ಬದಲಾಯಿಸಿದೆ, ಎಂತ ಮಾಡಿದರೂ ಅದೇ. ಚಕ್ರ ಸಿಕ್ಕಿತು ಎಂದು ಕುಣಿದದ್ದೆಲ್ಲ ವ್ಯರ್ಥ ಅನಿಸಿತು. ಗೇರ್ ಶಾಪಿಗೆ ಫೋನು ಮಾಡಿದರೆ ಅವರು ಇನ್ನೂ ಕೈಯೇ ಹಚ್ಚಿರಲಿಲ್ಲ. ಸಿಟ್ಟಿನಲ್ಲಿ ಸ್ಪ್ಯಾನರ್ ಎಸೆದೆ, ಮುಂದೆ ಮಲಗಿದ್ದ ನಾಯಿ ಎದ್ದು ದೂರ ಹೋಯಿತು.

ಚಹಾ ಕುಡಿದು ಮತ್ತೆ ಚಕ್ರವನ್ನು ಬೆಳಕಿಗೆ ಹಿಡಿದೆ. ಹಲ್ಲುಗಳು ಸವೆದಿದ್ದವು ನಿಜ. ಆದರೆ ಒಂದೇ ಕಡೆ. ಪ್ರತಿ ಹಲ್ಲಿನ ಒಂದು ಮಗ್ಗುಲು ಇಳಿಜಾರಾಗಿತ್ತು, ಇನ್ನೊಂದು ಮಗ್ಗುಲು ಪೆಟ್ಟಿಗೆಯಿಂದ ಈಗ ತೆಗೆದ ಹಾಗೆ ನೆಟ್ಟಗಿತ್ತು. ಕಾಫಿ ಹುರಿಯುವಾಗ ಯಾರೂ ಹಿಂದಕ್ಕೆ ತಿರುಗಿಸುವುದಿಲ್ಲವಲ್ಲ. ಮೊದಲು ಆ ತಾಯಿ, ಆಮೇಲೆ ಅಡಿಗೆಯವರು, ಎಲ್ಲರೂ ಅಷ್ಟು ವರ್ಷ ಒಂದೇ ದಿಕ್ಕಿಗೆ ತಿರುಗಿಸಿದ್ದರು. ಚಕ್ರವನ್ನು ಬಿಚ್ಚಿ ಮಗುಚಿ ಹಾಕಿದೆ. ಅದರ ನಡುಗುಬುಟು, ಕಡ್ಡಿ ತೂರಿಸುವ ಆ ಉಬ್ಬು, ಹಿಂದೆ ಬಂದು ಪಟ್ಟಿಗೆ ತಾಗುತ್ತಿತ್ತು. ಎರಡು ವಾಷರು ಕೊಟ್ಟು ಗೋಪುರದ ಆ ಪಟ್ಟಿಯನ್ನು ಹೊರಕ್ಕೆ ತಳ್ಳಿದೆ. ಸೇರು ಮೇಲೇರಿತು. ತೋಳಿನ ತುದಿಯವರೆಗೆ ಏರಿ ಅಲ್ಲೇ ತೂಗುತ್ತ ನಿಂತಿತು. ಒಬ್ಬಳೇ ಇದ್ದೆ, ಜೋರಾಗಿ ನಕ್ಕೆ.

ಕ್ರೇನನ್ನು ಜಾವಳಿಯ ಜಗಲಿಗೆ ಸಾಗಿಸಿ, ಅಲ್ಲೂ ಸೇರು ಎತ್ತಿ ತೋರಿಸಿದೆ. ಅಮ್ಮಾವ್ರು ಚಕ್ರವನ್ನು ಬೆರಳಿನಿಂದ ಸವರಿದರು. ಆಮೇಲೆ, "ಚಕ್ರ ಬಿಚ್ಚು," ಎಂದರು.

"ಎಂತಕ್ಕೆ ಅಮ್ಮಾ?"

"ಪಾರ್ಸಲ್ ಕಳಿಸಬೇಕು."

ಇಷ್ಟು ಪಾಡುಪಟ್ಟು ಕೂರಿಸಿದ್ದನ್ನು ಪೋಸ್ಟಿಗೆ ಹಾಕುವುದೆಂದರೆ ಬೇಡವೇ ಬೇಡ ಎಂದೆ. ಕೊನೆಗೆ ನಮ್ಮ ಕಡೆಯ ನಂಬಿಕಸ್ತ ಅಂಚೆಗೆ ಇಬ್ಬರೂ ಒಪ್ಪಿದೆವು, ಅಂದರೆ ಸಂಸೆಗೆ ಹೋಗುವ ಬಸ್ಸಿನ ಕಂಡಕ್ಟರಿಗೆ. ಔಷಧಿ, ಮದುವೆ ಕಾಗದ, ಪಂಪಿನ ವಾಲ್ವು ಎಲ್ಲ ಅವರ ಕೈಯಲ್ಲೇ ಹೋಗುವುದು. ಕಂದು ಕಾಗದ ಸುತ್ತಿ, ಸೆಣಬಿನ ದಾರ ಕಟ್ಟಿ, ಅಮ್ಮಾವ್ರು ತಂಗಿಯ ವಿಳಾಸ ಬರೆದರು. ಕೆಳಗೆ, 'ಇಂದ: ಅಪ್ಪ, ಜಾವಳಿ.'

"ಇದು ಸರಿಯಾ ಅಮ್ಮಾ?"

"ಅವರ ಮಾತೊಂದು ಉಳೀಲಿ ಬಿಡು."

ಅವತ್ತು ಸಂಜೆ ಸಂಸೆಯಿಂದ ಫೋನು ಬಂತಂತೆ. "ಅಕ್ಕ, ಪಾರ್ಸಲ್ ಬಂತು," ಎಂದಷ್ಟೇ ಹೇಳಿ ತಂಗಿ ಇಟ್ಟುಬಿಟ್ಟರು. ಅಮ್ಮಾವ್ರು ತಕ್ಷಣ ನನಗೆ ಫೋನು ಮಾಡಿದರು. "ಬೇಜಾರಾಯ್ತೇನೋ ಅವಳಿಗೆ. ಹೋದವರ ಹೆಸರಲ್ಲಿ ತಮಾಷೆ ಮಾಡಬಾರದಿತ್ತು ನಾನು."

ಹುಟ್ಟಿದ ದಿನ ನಾನು ಬೆಳಿಗ್ಗೆಯೇ ಜಾವಳಿಗೆ ಹೋಗಿ ಕ್ರೇನಿಗೆ ಎಣ್ಣೆ ಬಿಟ್ಟು ಕೂತೆ. ತಂಗಿ ಬಂದರು. ಸಣ್ಣ ಮೈ, ಬಿಳಿ ಕೂದಲು, ಚುರುಕು ನಡಿಗೆ. ಕ್ರೇನನ್ನು ನೋಡಿ ಗೇಟಿನ ಹತ್ತಿರವೇ ನಿಂತರು. ಚೀಲದಿಂದ ಪಾರ್ಸಲ್ ತೆಗೆದರು. ದಾರದ ಗಂಟು ಹಾಗೇ ಇತ್ತು.

"ಬಿಚ್ಚಲಿಲ್ವಾ?" ಎಂದರು ಅಮ್ಮಾವ್ರು.

"ಎಲ್ಲರೂ ಕೂತು ಬಿಚ್ಚೋಣ ಅಂತ ಅಲ್ವಾ ಅಪ್ಪ ಹೇಳಿದ್ದು."

ಜಗಲಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತು ಗಂಟು ಬಿಡಿಸಿದರು. ತಂಗಿ ಚಕ್ರವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಎಲ್ಲಿ ಸಿಕ್ಕಿತೆಂದು ಯಾರೂ ಇನ್ನೂ ಹೇಳಿರಲಿಲ್ಲ. ಅದನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿಕೊಂಡರು.

"ಅಕ್ಕ, ಇದು ಅಮ್ಮನ ಡಬ್ಬದ ವಾಸನೆ."

ಅಮ್ಮಾವ್ರು ತಂಗಿಯ ಬೆನ್ನ ಮೇಲೆ ಕೈಯಿಟ್ಟು ಭುಜದ ಕಥೆ ಹೇಳಿದರು. ತಂಗಿ ಅಳುತ್ತಲೇ ನಕ್ಕರು. "ಮದ್ರಾಸಿಗೆ ಬರೆದಿದೀನಿ ಅಂತ ಎಷ್ಟು ಚೆಂದ ಸುಳ್ಳು ಹೇಳಿದ್ರು ನೋಡು. ನಮ್ಮ ಹತ್ತಿರ ಕೇಳಿದ್ರೆ ಕೊಡ್ತಿರಲಿಲ್ವಾ ನಾವು?"

"ನೀನು ಕೊಡ್ತಿರಲಿಲ್ಲ," ಎಂದರು ಅಮ್ಮಾವ್ರು.

"ಅದೂ ಹೌದು."

ಚಕ್ರ ಕೂರಿಸಿಕೊಟ್ಟೆ. ರೈಟರು ಸೇರು ತುಂಬಿ ಕೊಕ್ಕೆಗೆ ಸಿಕ್ಕಿಸಿದರು. ಅಮ್ಮಾವ್ರು ತಂಗಿಯ ಕೈ ಹಿಡಿದು ಹಿಡಿಯ ಮೇಲೆ ಇಟ್ಟರು. ಸೇರು ನೆಲ ಬಿಟ್ಟಿತು, ಜಗಲಿಯ ಕಟ್ಟೆ ದಾಟಿತು, ಒಂದು ಕಾಳೂ ಚೆಲ್ಲದೆ ತುದಿಯವರೆಗೆ ಏರಿತು. ತಂಗಿ ಇಳಿಸಿದರು, ಮತ್ತೆ ಎತ್ತಿದರು. ಅಕ್ಕನಿಗೂ ಒಂದು ಸರದಿ ಕೊಟ್ಟರು, ಬೇಗನೆ ವಾಪಸು ತೆಗೆದುಕೊಂಡರು. ಎಪ್ಪತ್ತು ತುಂಬಿದ ಇಬ್ಬರು ಹಿಡಿಗಾಗಿ ಕಿತ್ತಾಡುವುದನ್ನು ನೋಡುತ್ತ ನನ್ನ ಹೊಟ್ಟೆ ತುಂಬಿತು.

ಅಷ್ಟರಲ್ಲಿ ಅಡಿಗೆಯವಳು ಕಾಫಿ ತಂದಳು. ತಟ್ಟೆ ಇಟ್ಟವಳೇ ಭುಜ ಒತ್ತಿಕೊಂಡಳು. "ಆ ಡಬ್ಬ ಬರಿಗೈಲಿ ತಿರುಗಿಸಿ ರಟ್ಟೆ ಬಿದ್ದೋಯ್ತು ಅಕ್ಕ. ನಿಮ್ಮ ಉಕ್ಕಿನ ಚಕ್ರ ಯಾವತ್ತು ಬರ್ತದೆ?" ಎಂದು ನನ್ನನ್ನು ಕೇಳಿದಳು. ಗೇರ್ ಶಾಪಿನವರು ಇನ್ನೂ ಕೊಟ್ಟಿಲ್ಲ ಎಂದೆ.

ತಂಗಿ ಅವಳ ಭುಜವನ್ನು ನೋಡಿದರು. ಕ್ರೇನನ್ನು ನೋಡಿದರು. ಪೆಟ್ಟಿಗೆಯಿಂದ ಆಟಿಕೆಯ ಪುಟ್ಟ ಸ್ಪ್ಯಾನರ್ ತೆಗೆದುಕೊಂಡು ತಾವೇ ಬಗ್ಗಿ ಚಕ್ರ ಬಿಚ್ಚಿದರು. ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ಅಮ್ಮನ ಡಬ್ಬಕ್ಕೆ ಹಾಕಿಬಿಡು. ನಾವು ಆಡಿ ಆಯ್ತು."

ಒಲೆಯ ಮುಂದೆ ಕೂತು ಚಕ್ರವನ್ನು ಮಗುಚಿಯೇ ಹಾಕಿದೆ, ಸವೆಯದ ಮಗ್ಗುಲು ಇನ್ನು ಬಹಳ ಕಾಲ ಬಾಳಿಕೆ ಬರುತ್ತದೆ. ಅಡಿಗೆಯವಳು ತಿರುಗಿಸಿ ನೋಡಿದಳು. ಕೈ ಐದು, ಡಬ್ಬ ಒಂದು. ನಾನು ಕೈ ತೊಳೆದು ಜಗಲಿಗೆ ಬಂದಾಗ ಅಮ್ಮಾವ್ರು ಚಕ್ರವಿಲ್ಲದ ಕ್ರೇನಿನ ಮುಂದೆ ನಿಂತಿದ್ದರು.

"ಇದಕ್ಕೆ ಇನ್ನು ಯಾವಾಗ ಚಕ್ರ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತಂಗಿ ಕಾಫಿ ಲೋಟದಿಂದ ತಲೆ ಎತ್ತಿದರು.

"ಪಾರ್ಸಲ್ ಬರ್ತದೆ, ಅಕ್ಕ."